ಇದು ಯಾವಾಗ ಶುರು ಆಗುತ್ತೆ?

"ಅಲ್ಲಪ್ಪಾ, ಇದು ಯಾವಾಗ ಶುರು ಆಗುತ್ತೆ?"

ರಾಯರು ಹೀಗೆ ಕೇಳುವಷ್ಟರಲ್ಲಿ ಎಂಟು ನಿಮಿಷ ಆಗಿಹೋಗಿತ್ತು. ಕಳೆದ ಶನಿವಾರ ಸಂಜೆ, ಬಸವನಗುಡಿಯಲ್ಲಿ ಗೆಳೆಯನ ಮನೆ. ಹೊಸ ಸ್ಪೀಕರ್ ತಂದಿದ್ದ, ಆರೇಳು ಜನರನ್ನು ಕರೆದಿದ್ದ. ಕೆಳಗಿನ ಮನೆಯ ರಾಯರನ್ನೂ ಕರೆದಿದ್ದ. ಪ್ರೀತಿಯಿಂದ ಏನಲ್ಲ, ಸೌಂಡ್ ಜಾಸ್ತಿ ಆಯ್ತು ಅಂತ ಆಮೇಲೆ ಅವರು ಬೈಯಬಾರದಲ್ಲ, ಅದಕ್ಕೆ. ರಾಯರೋ, ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳನ್ನು ಒಂದು ವರ್ಷವೂ ತಪ್ಪಿಸದವರು. ತಾಳ ಹಾಕಲು ಬಲಗೈಯನ್ನು ತೊಡೆಯ ಮೇಲೆ ಸಿದ್ಧ ಇಟ್ಟುಕೊಂಡೇ ಕೂತಿದ್ದರು.

ಸ್ಪೀಕರಿನಲ್ಲಿ ಕೋಳಿ ಕೂಗಿತು. ದೂರದಲ್ಲಿ ದೋಣಿಯ ಮೋಟಾರು. ಯಾರೋ ಮಾತಾಡಿಕೊಂಡು ಹೋದರು. ಒಂದು ಕತ್ತೆ.

"ಶುರು ಆಗಿದೆ ಅಂಕಲ್," ಅಂದ ಗೆಳೆಯ. "ಇದು ಮೇರುಕೃತಿ."

ರಾಯರು "ಓ, ಹೌದಾ" ಅಂದರು. ತೊಡೆಯ ಮೇಲಿದ್ದ ಕೈ ತೆಗೆದು ಎದೆಗೆ ಕಟ್ಟಿಕೊಂಡರು. ಕೊನೆಯವರೆಗೂ ಹಾಗೇ ಕೂತಿದ್ದು, ಕಾಫಿ ಕುಡಿದು, "ಚೆನ್ನಾಗಿತ್ತು" ಅಂತ ಹೇಳಿ ಹೋದರು. ಒಂದು ವಾರದಿಂದ ಆ ಕೈಯೇ ನನ್ನ ಕಣ್ಣ ಮುಂದೆ ಬರುತ್ತಿದೆ.

ನಾವು ಕೇಳಿದ್ದು ಲುಕ್ ಫೆರಾರಿ ಅನ್ನುವ ಫ್ರೆಂಚ್ ಸಂಗೀತಗಾರನ 'ಪ್ರೆಸ್ಕ್ ರಿಯಾಂ'. (ಕಾರಿನ ಫೆರಾರಿ ಅಲ್ಲ.) ಹೆಸರಿನ ಅರ್ಥ 'ಹೆಚ್ಚುಕಡಿಮೆ ಏನೂ ಇಲ್ಲ'. ಆಗಿನ ಯುಗೊಸ್ಲಾವಿಯಾದ, ಈಗಿನ ಕ್ರೊವೇಷಿಯಾದ ಕೋರ್ಚುಲಾ ದ್ವೀಪದಲ್ಲಿ ವೇಲಾ ಲೂಕಾ ಅಂತ ಒಂದು ಊರು. ಮೀನುಗಾರರ ಊರು. 1960ರ ದಶಕದ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದ ಫೆರಾರಿ, ಉಳಿದುಕೊಂಡಿದ್ದ ಕೋಣೆಯ ಕಿಟಕಿಯಲ್ಲಿ ಮೈಕ್ ಇಟ್ಟ. ದಿನಾ ಬೆಳಗಿನ ಜಾವ ಮೂರರಿಂದ ಆರರವರೆಗೆ ರೆಕಾರ್ಡ್ ಮಾಡಿದ. ದಿನವೂ ಅದೇ ಹೊತ್ತಿಗೆ ಬರುವ ಸದ್ದುಗಳನ್ನು ಗುರುತು ಹಿಡಿದ. ಮೊದಲ ಸೈಕಲ್ಲು, ಮೊದಲ ಕೋಳಿ, ಮೊದಲ ಕತ್ತೆ, ಆರು ಗಂಟೆಗೆ ಬಂದರಿಗೆ ಹೊರಡುವ ಲಾರಿ. ಎಷ್ಟೋ ದಿನಗಳ ಟೇಪುಗಳನ್ನು ಕತ್ತರಿಸಿ ಅಂಟಿಸಿ ಇಪ್ಪತ್ತೊಂದು ನಿಮಿಷದ ಒಂದೇ ಬೆಳಗು ಮಾಡಿದ. ಕೊನೆಯಲ್ಲಿ ಜೀರುಂಡೆಗಳು ಉಳಿದದ್ದನ್ನೆಲ್ಲ ಮುಳುಗಿಸಿಬಿಡುತ್ತವೆ.

ಪ್ಯಾರಿಸ್ಸಿನ ಸ್ಟುಡಿಯೋದ ಸಹೋದ್ಯೋಗಿಗಳಿಗೆ ಇದನ್ನು ಕೇಳಿಸಿದಾಗ ಅವರ ಮುಖ ಕಲ್ಲಾಯಿತು ಅಂತ ಆತನೇ ಹೇಳಿಕೊಂಡಿದ್ದಾನೆ. ಅವರೇನು ಸಾಮಾನ್ಯರಲ್ಲ. ರೈಲಿನ ಸದ್ದಿನಿಂದ 1948ರಲ್ಲೇ ಸಂಗೀತ ಕಟ್ಟಿದ ಪಿಯರ್ ಶೆಫರ್‌ನ ಬಳಗದವರು. ಅವರಿಗೇ ಇದು ಸಂಗೀತ ಅನ್ನಿಸಲಿಲ್ಲ. 1970ರಲ್ಲಿ ಇದರ ರೆಕಾರ್ಡು ತಂದದ್ದು ಡಾಯ್ಚ ಗ್ರಾಮಫೋನ್, ಬೀಥೋವನ್‌ನ ಸಿಂಫನಿಗಳನ್ನು ತರುವ ಕಂಪನಿ. ಅಂದರೆ 'ಹೆಚ್ಚುಕಡಿಮೆ ಏನೂ ಇಲ್ಲ' ಅಂತ ಹೆಸರಿಟ್ಟುಕೊಂಡದ್ದು ಐವತ್ತು ವರ್ಷದಲ್ಲಿ ಬಸವನಗುಡಿಗೆ ಬರುವಾಗ ಮೇರುಕೃತಿ ಆಗಿತ್ತು! ಗೆಳೆಯನಿಗೆ ಇದರಲ್ಲಿ ತಮಾಷೆ ಏನೂ ಕಾಣಲಿಲ್ಲ. ಒಳ್ಳೆಯ ಹುಡುಗನೇ. ಆದರೆ ಕೇಳುವುದಕ್ಕಿಂತ ಕೇಳಿಸುವುದರಲ್ಲಿ ಅವನಿಗೆ ಆಸಕ್ತಿ ಜಾಸ್ತಿ.

ಮೇರುಕೃತಿ ಅನ್ನುವ ಪದವನ್ನು ನೋಡಿ. ಮೇರು ಅಂದರೆ ಬೆಟ್ಟ, ಕತ್ತೆತ್ತಿ ನೋಡಬೇಕು. ಕೃತಿ ಅಂದರೆ ರಾಯರಿಗೆ ಗೊತ್ತಿರುವುದು ತ್ಯಾಗರಾಜರ ಕೃತಿ. ಪಲ್ಲವಿ, ಅನುಪಲ್ಲವಿ, ಚರಣ. ಎಲ್ಲಿ ಎತ್ತಿಕೊಳ್ಳಬೇಕು ಅಂತ ಅವರ ಕೈಗೆ ಗೊತ್ತಿದೆ. ಆ ಕೈಯಲ್ಲೇ ಅವರು ಇದನ್ನೂ ಕೇಳಲು ಹೊರಟಿದ್ದರು. ಎಲ್ಲಿ ಎತ್ತಿಕೊಳ್ಳಲಿ ಅಂತ ಕೇಳಿದರು, ಅಷ್ಟೇ. ಆ ಪದ ಬಿದ್ದದ್ದೇ ತಡ, ತಾವು ಏನೋ ತಪ್ಪು ಕೇಳಿದೆವು ಅಂದುಕೊಂಡರು. ಬೆಟ್ಟದ ಹತ್ತಿರ ಹೋಗಿ ನೀನು ಎಲ್ಲಿಂದ ಶುರು ಅಂತ ಯಾರಾದರೂ ಕೇಳುತ್ತಾರಾ?

ಇನ್ನೊಂದು ವಿಷಯ. ಸಿಕ್ಕಿರುವ ಹಕ್ಕಿದನಿಯ ರೆಕಾರ್ಡುಗಳಲ್ಲಿ ತೀರಾ ಹಳೆಯದು 1889ರದ್ದು. ಲುಡ್ವಿಗ್ ಕಾಖ್ ಅನ್ನುವ ಜರ್ಮನ್ ಹುಡುಗ ಮನೆಯಲ್ಲಿ ಸಾಕಿದ್ದ ಶಾಮಾ ಹಕ್ಕಿಯ ಹಾಡನ್ನು ಮೇಣದ ಸಿಲಿಂಡರಿನಲ್ಲಿ ಹಿಡಿದ. ಶಾಮಾ ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಹಕ್ಕಿ. ಈಗ ಅದು ಯಾರ ಕೃತಿ? ಹುಡುಗನದ್ದಾ, ಹಕ್ಕಿಯದ್ದಾ, ಮೇಣದ್ದಾ?

ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಪುತ್ತೂರಿನ ಕಡೆ ಅಜ್ಜನ ಮನೆಗೆ ಹೋಗುತ್ತಿದ್ದೆ. ಎಲ್ಲೋ ಯಕ್ಷಗಾನ ಇದ್ದರೆ ಆಟಕ್ಕೆ ಮೊದಲು ಚೆಂಡೆ ಬಾರಿಸುತ್ತಾರಲ್ಲ, ಅದಕ್ಕೆ 'ಕೇಳಿ' ಅಂತಲೇ ಹೆಸರು. ನಾವು ಹಾಸಿಗೆಯಲ್ಲಿ ಬಿದ್ದುಕೊಂಡೇ ಕೇಳುತ್ತಿದ್ದೆವು. ಗಾಳಿ ಈ ಕಡೆ ಬೀಸಿದರೆ ಚೆಂಡೆ, ಆ ಕಡೆ ತಿರುಗಿದರೆ ಬರೀ ಜೀರುಂಡೆ. ನಡುವೆ ಪಕ್ಕದ ಮನೆಯ ನಾಯಿ, ಅಜ್ಜನ ಗೊರಕೆ. ಆಟಕ್ಕೆ ಹೋದವರಿಗೆ ಇನ್ನೂ ಏನೂ ಶುರುವಾಗಿರಲಿಲ್ಲ. ನಮಗೆ ಅರ್ಧ ಆಗಿಹೋಗಿತ್ತು.

ಬುಧವಾರ ಬೆಳಿಗ್ಗೆ ಐದೂವರೆಗೆ ನಾನೂ ಬಾಲ್ಕನಿಯಲ್ಲಿ ಫೋನ್ ಇಟ್ಟೆ. ನಲವತ್ತು ನಿಮಿಷ. ಅಂಗಳಕ್ಕೆ ನೀರು ಹಾಕಿದ ಸದ್ದು, ಪೊರಕೆ, ಹಾಲಿನ ಟೆಂಪೋ, ಮೇಲಿನ ಮನೆಯ ಕುಕ್ಕರು. ನಡುವೆ ನಂದೇ ಒಂದು ಸೀನು. ಕೇಳುತ್ತಾ ಕೂತಾಗ ತಲೆನೋವು ಶುರುವಾಯಿತು. ಎಲ್ಲಿಂದ ಕತ್ತರಿಸಲಿ? ಪೊರಕೆಯಿಂದ ಶುರು ಮಾಡಿದರೆ ಕಥೆ ಥರ ಆಗುತ್ತೆ. ಟೆಂಪೋದಿಂದ ಶುರು ಮಾಡಿದರೆ ಬರೀ ಗಲಾಟೆ. ಸುಮ್ನೆ ಮೊದಲಿಂದ ಬಿಟ್ಟರೆ ಮೂರು ನಿಮಿಷ ಏನೂ ಇಲ್ಲ. ಸೀನನ್ನು ಇಟ್ಟುಕೊಳ್ಳಬೇಕಾ ಬೇಡವಾ? ಇದು ಯಾವಾಗ ಶುರು ಆಗುತ್ತೆ ಅಂತ ನಾಲ್ಕು ದಿನ ನನ್ನನ್ನೇ ಕೇಳಿಕೊಂಡೆ. ಕಿಟಕಿಯ ಪಕ್ಕ ಟೇಪು ಹಿಡಿದು ಕೂತ ಫೆರಾರಿಗೂ ಇದೇ ಪ್ರಶ್ನೆ ಬಂದಿರಬೇಕು. ಕೇಳಿದ ಏಳು ಜನರಲ್ಲಿ ಅದನ್ನು ಬಾಯಿಬಿಟ್ಟು ಕೇಳಿದವರು ರಾಯರೊಬ್ಬರೇ. ನಾವೆಲ್ಲ ಅರ್ಥವಾದವರ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆವು. ನಾನಂತೂ ಕತ್ತೆ ಕೂಗುವ ಮೊದಲು ಸ್ವಲ್ಪ ತೂಕಡಿಸಿದ್ದೆ ಕೂಡ.

ಕೊನೆಗೆ ಏನೂ ಕತ್ತರಿಸದೆ ಇಬ್ಬರಿಗೂ ಕಳಿಸಿದೆ. ಗೆಳೆಯ "ಲೆವೆಲ್ ಕಮ್ಮಿ ಇದೆ" ಅಂತ ಬರೆದ. ರಾಯರಿಗೆ ಟೈಪ್ ಮಾಡಲು ಬೇಜಾರು, ವಾಯ್ಸ್ ಮೆಸೇಜ್ ಕಳಿಸಿದರು. ಮೊದಲು ಫ್ಯಾನ್ ತಿರುಗುವ ಸದ್ದು. ಒಳಗೆಲ್ಲೋ ಪಾತ್ರೆ ಬಿತ್ತು. ಬೀದಿಯಲ್ಲಿ ಸೊಪ್ಪಿನವಳ ಕೂಗು. ಆಮೇಲೆ ಮೈಕಿನಿಂದ ದೂರ ತಿರುಗಿ ಹೆಂಡತಿಯನ್ನು ಕೇಳುತ್ತಿದ್ದರು: "ಲೇ, ಶುರು ಆಯ್ತೇನೇ ಇದು?"