ನ್ಯೂನೆನ್ ಊರಿನ ಹಿತ್ತಿಲ ಕೋಣೆ: ನೋಡಹೊರಟವರಿಗೆ

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಕೆಲಸದ ಮೇಲೆ ಬಂದ ಕನ್ನಡಿಗರು ರಜೆ ಸಿಕ್ಕೊಡನೆ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಡುವುದು ವಾಡಿಕೆ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಎಂಥ ಗೋಡೆಗಳ ನಡುವೆ ಕೂತು ಕೆಲಸ ಮಾಡಿದ ಎಂಬ ಕುತೂಹಲವಿದ್ದವರು ಸುಮಾರು 8 ಕಿಲೋಮೀಟರ್ ದೂರದ ನ್ಯೂನೆನ್‌ಗೆ ಅರ್ಧ ದಿನ ತೆಗೆದಿಡಬೇಕು. ರೈಲು ನಿಲ್ದಾಣದ ಬಳಿಯಿಂದಲೇ ಬಸ್ಸಿದೆ; ಹತ್ತುವಾಗಲೂ ಇಳಿಯುವಾಗಲೂ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಾಕು. ಇಳಿಯುವಾಗ ಮರೆತು ನಾನು ಹೆಚ್ಚು ಹಣ ತೆತ್ತಿದ್ದೇನೆ.

ವಿನ್ಸೆಂಟ್‌ನ ತಂದೆ ಇಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಯಾಗಿದ್ದರು; ಬೆರ್ಗ್ ಎಂಬ ಬೀದಿಯಲ್ಲಿರುವ ಪಾದ್ರಿಯ ಇಟ್ಟಿಗೆ ಮನೆ 1764ರದ್ದು. ಕಲ್ಲು ಅಪರೂಪವಾಗಿ, ಜೇಡಿಮಣ್ಣು ಧಾರಾಳವಾಗಿರುವ ಈ ಸೀಮೆಯಲ್ಲಿ ದೊಡ್ಡ ಮನೆಗೂ ಹಿತ್ತಿಲ ಕೊಟ್ಟಿಗೆಗೂ ಇಟ್ಟಿಗೆಯೇ ಗತಿ. ಬೀದಿಯಿಂದ ಮನೆಯ ಮುಂಭಾಗವಷ್ಟೇ ಕಾಣುತ್ತದೆ. ನಾವು ಹುಡುಕಿ ಬಂದ, ವಿನ್ಸೆಂಟ್ ಕೂತು ಚಿತ್ರ ಬರೆದ ಕೋಣೆ ಹಿಂಬದಿಯದು. ಒಳಗೆ ಬೇಕೆಂದಾಗ ನುಗ್ಗುವಂತಿಲ್ಲವಾದ್ದರಿಂದ ಮೊದಲು ಎದುರಿನ ವ್ಯಾನ್ ಗೋ ವಿಲೇಜ್ ಮ್ಯೂಸಿಯಂನಲ್ಲಿ ವಿಚಾರಿಸುವುದು ಒಳ್ಳೆಯದು. ಮ್ಯೂಸಿಯಂ ತೆರೆದಿರುವ ದಿನಗಳನ್ನು ಮನೆಯಿಂದ ಹೊರಡುವ ಮುನ್ನವೇ ನೋಡಿಕೊಳ್ಳಿ.

ಆ ಕೋಣೆ ಇದ್ದದ್ದು ಒಗೆದ ಬಟ್ಟೆಯನ್ನು ಉರುಳೆಗಳ ನಡುವೆ ಹಾಯಿಸಿ ಮಟ್ಟಸ ಮಾಡುವುದಕ್ಕೆ. 1883ರ ಡಿಸೆಂಬರ್‌ನಲ್ಲಿ ವಿನ್ಸೆಂಟ್ ತಂದೆಯ ಮನೆಗೆ ಮರಳಿದಾಗ, ಒದ್ದೆ ಕಾಲಿನ ಜೂಲುನಾಯಿಯನ್ನು ಒಳಗೆ ಬಿಟ್ಟುಕೊಳ್ಳಲು ಅಂಜುವಂತೆ ಮನೆಯವರು ತನಗೆ ಅಂಜುತ್ತಾರೆ ಎಂದು ತಮ್ಮ ಥಿಯೋಗೆ ಬರೆದಿದ್ದ. ಆದರೂ ತಂದೆ ಅದೇ ತಿಂಗಳು ಆ ಕೋಣೆಯನ್ನು ಅವನಿಗಾಗಿ ಸಜ್ಜು ಮಾಡಿಸಿದರು. ಒಳ್ಳೆಯ ಒಲೆಯೊಂದನ್ನು ಕೂಡಿಸಿ, ತಣ್ಣನೆಯ ನೆಲಕ್ಕೆ ಹಲಗೆ ಹಾಸಿಸಿ, ಕೋಣೆ ಬೆಚ್ಚಗೂ ಒಣಗಿಯೂ ಇರುವಂತೆ ನೋಡಿಕೊಂಡರು. ದೊಡ್ಡ ಕಿಟಕಿ ತೆಗೆಸೋಣವೆಂದರೆ ಮಗನೇ ಬೇಡವೆಂದ. ಊರಿನ ನೇಕಾರರನ್ನು ಚಿತ್ರಿಸುತ್ತ ಅವರ ಗುಡಿಸಲುಗಳ ಮಬ್ಬು ಬೆಳಕಿನ ಬೆನ್ನು ಹತ್ತಿದವನಿಗೆ ಅದು ಸಹಜವೆಂದೇ ನನಗೆ ತೋರುತ್ತದೆ. ಪಕ್ಕದಲ್ಲೇ ತಿಪ್ಪೆಗುಂಡಿಯಿತ್ತೆಂಬುದನ್ನೂ ಮರೆಯಬಾರದು.

‘ಆಲೂಗಡ್ಡೆ ತಿನ್ನುವವರು’ ಚಿತ್ರ ಹುಟ್ಟಿದ್ದು ಇಲ್ಲೇ ಎಂದು ನಾನೂ ತಿಳಿದಿದ್ದೆ, ಅದು ತಪ್ಪು. 1884ರ ಮೇ ತಿಂಗಳಿನಲ್ಲೇ ಅವನು ಕ್ಯಾಥೊಲಿಕ್ ಚರ್ಚಿನ ಪರಿಚಾರಕರೊಬ್ಬರ ಮನೆಯಲ್ಲಿ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದ, ಆ ಚಿತ್ರ 1885ರದ್ದು. ಹಿತ್ತಿಲ ಕೋಣೆ ಅವನ ಕಾರ್ಯಶಾಲೆಯಾಗಿದ್ದದ್ದು ಒಂದು ಚಳಿಗಾಲ ಮತ್ತು ಒಂದು ವಸಂತ ಮಾತ್ರ.

ಆದ್ದರಿಂದ ಮಾರ್ಚ್‌ನಲ್ಲಿ ಹೋಗುವುದೇ ಲೇಸು. 1884ರ ಮಾರ್ಚ್‌ನಲ್ಲಿ ಅವನು ಈ ಮನೆಯ ತೋಟವನ್ನು ಲೇಖನಿಯಲ್ಲಿ ಬರೆದ ರೇಖಾಚಿತ್ರಗಳಲ್ಲಿ ಮರಗಳಿಗೆ ಎಲೆಯಿಲ್ಲ. ಅವುಗಳ ಪ್ರತಿಗಳನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಅವನ ಪತ್ರಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆ ಡಿಸೆಂಬರ್‌ನವನ್ನು ಬಸ್ಸಿನಲ್ಲೇ ಓದಿ ಮುಗಿಸಬಹುದು.