ತೊಗರಿ ಲೆಕ್ಕದ ಲಿಸ್ಪ್: ಘಟಕದ ಮ್ಯಾಕ್ರೊ ಕೊನೆಗೂ ಕಂಪೈಲ್ ಆಯ್ತು

ಕಲಬುರಗಿ ಗಂಜ್‌ನಲ್ಲಿರುವ ಕಾಕಾನ ಅಡತಿ ಅಂಗಡಿಗೆಂದು ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿರುವ ತೊಗರಿ ಲೆಕ್ಕದ ಪ್ರೋಗ್ರಾಂ ಮ್ಯಾಕ್ರೊ (ಕೋಡ್ ಬರೆದುಕೊಡುವ ಕೋಡ್) ಹತ್ತಿರ ಬಂದು ನಿಂತುಬಿಟ್ಟಿತ್ತು. ಈಗ ಮುಂದೆ ಹೊರಟಿದೆ.

(ಘಟಕ ಕ್ವಿಂಟಲ್ 100) ಎಂದು ಬರೆದರೆ ಸಾಕು, ಕ್ವಿಂಟಲನ್ನು ಕಿಲೋಗೆ ತಿರುಗಿಸುವ ಫಂಕ್ಷನ್ ತಾನಾಗಿಯೇ ಹುಟ್ಟಬೇಕು. ಮ್ಯಾಕ್ರೊದ ಕೆಲಸ ಅಷ್ಟೇ. ಹೆಸರುಗಳೆಲ್ಲ ಕನ್ನಡದಲ್ಲೇ ಇವೆ, ನಾನು ಬಳಸುವ ಲಿಸ್ಪ್ ಕಂಪೈಲರ್ ಎಸ್‌ಬಿಸಿಎಲ್ ತಕರಾರು ಮಾಡುವುದಿಲ್ಲ. ಇಂಗ್ಲಿಷ್ ಹೆಸರುಗಳನ್ನು ರೀಡರ್ (ಕೋಡ್ ಓದಿಕೊಳ್ಳುವ ಭಾಗ) ದೊಡ್ಡಕ್ಷರಕ್ಕೆ ತಿರುಗಿಸುವ ಕಾಟವೂ ನಮ್ಮ ಲಿಪಿಗಿಲ್ಲ.

ಎಡಿಟರ್‌ನಿಂದಲೇ ಲಿಸ್ಪ್ ಓಡಿಸುವ ಸ್ಲೈಮ್‌ನಲ್ಲಿ ಒಂದೊಂದೇ ತುಣುಕು ಕಂಪೈಲ್ ಮಾಡಿದರೆ ಎಲ್ಲ ಸರಿ. ಎಸ್‌ಬಿಸಿಎಲ್ ಮುಚ್ಚಿ, ಹೊಸದಾಗಿ ತೆರೆದು ಇಡೀ ಫೈಲಿಗೆ ಕಂಪೈಲ್-ಫೈಲ್ ಎಂಬ ಆದೇಶ ಕೊಟ್ಟರೆ ಮಾತ್ರ ಎರರ್: ಮ್ಯಾಕ್ರೊ ಬಿಡಿಸುವಾಗ 'ಹೆಸರು-ಜೋಡಿಸು' ಎಂಬ ಫಂಕ್ಷನ್ ಸಿಗಲಿಲ್ಲ. ಅದು ಅದೇ ಫೈಲಿನಲ್ಲಿ, ಮ್ಯಾಕ್ರೊಗಿಂತ ಮೇಲೆಯೇ ಕೂತಿದೆ!

ಸಂಗತಿ ಇಷ್ಟು. ಕಂಪೈಲ್-ಫೈಲ್ ನಡೆಯುವಾಗ ಡಿಫ್‌ಮ್ಯಾಕ್ರೊ (ಮ್ಯಾಕ್ರೊದ ವ್ಯಾಖ್ಯೆ) ಕಂಡರೆ ಕಂಪೈಲರ್ ಅದನ್ನು ಆಗಲೇ ಬಳಕೆಗೆ ತೆಗೆದುಕೊಳ್ಳುತ್ತದೆ. ಡಿಫನ್ (ಫಂಕ್ಷನ್‌ನ ವ್ಯಾಖ್ಯೆ) ಕಂಡರೆ ಕೋಡ್ ತಯಾರಿಸಿ ಇಡುತ್ತದೆ ಅಷ್ಟೇ. ಆ ಫಂಕ್ಷನ್ ಜೀವ ಪಡೆಯುವುದು ಲೋಡ್ ಆದಾಗ. ಮ್ಯಾಕ್ರೊ ಓಡುವುದೋ ಕಂಪೈಲ್ ನಡೆಯುತ್ತಿರುವಾಗಲೇ. ಸ್ಲೈಮ್‌ನಲ್ಲಿ ಮೊದಲೇ ಲೋಡ್ ಆಗಿದ್ದ ಫಂಕ್ಷನ್ ಇಮೇಜ್‌ನಲ್ಲಿ (ಓಡುತ್ತಿರುವ ಲಿಸ್ಪ್‌ನ ಮೆಮೊರಿಯಲ್ಲಿ) ಉಳಿದಿದ್ದರಿಂದ ಕೊರತೆ ಕಾಣಿಸುತ್ತಿರಲಿಲ್ಲ. ಕಾಕಾನಿಗೆ ಇದನ್ನು ಹೇಳಿದರೆ, "ತೊಗರಿ ಇನ್ನಾ ಗಾಡ್ಯಾಗ ಅದ, ಕಾಂಟಾ ಮ್ಯಾಲ ಬಂದಿಲ್ಲ ಅನ್ನಪಾ" ಅಂದರು. ಹೌದು, ಅದೇ.

ಪರಿಹಾರ: ಆ ಡಿಫನ್ ಅನ್ನು ಕೋಡ್ ಯಾವಾಗ ಓಡಬೇಕೆಂದು ಹೇಳುವ ಎವಾಲ್-ವೆನ್ ಒಳಗಿಟ್ಟು ಕಂಪೈಲ್-ಟಾಪ್‌ಲೆವೆಲ್, ಲೋಡ್-ಟಾಪ್‌ಲೆವೆಲ್, ಎಕ್ಸಿಕ್ಯೂಟ್ ಮೂರನ್ನೂ ಕೊಟ್ಟೆ. ಹಾಗಂತ ಸಿಕ್ಕಿದ್ದನ್ನೆಲ್ಲ ಎವಾಲ್-ವೆನ್‌ನಲ್ಲಿ ಸುತ್ತುವುದು ನನಗೆ ಹಿಡಿಸುವುದಿಲ್ಲ. ಇಂಥ ಸಹಾಯಕ ಫಂಕ್ಷನ್‌ಗಳು ಹೆಚ್ಚಾದರೆ ಬೇರೆ ಫೈಲೇ ವಾಸಿ. ಫೈಲ್‌ಗಳ ಪಟ್ಟಿ ಹಿಡಿದು ಕಂಪೈಲ್ ಮಾಡಿಸುವ ಎಎಸ್‌ಡಿಎಫ್‌ನಲ್ಲಿ ಸೀರಿಯಲ್ ಎಂದು ಕೊಟ್ಟರೆ ಒಂದು ಫೈಲ್ ಕಂಪೈಲ್ ಆಗಿ ಲೋಡ್ ಆದ ಮೇಲೆಯೇ ಮುಂದಿನದು ಶುರುವಾಗುತ್ತದೆ.

ಆ ಪಟ್ಟಿಯಲ್ಲಿ 'ಘಟಕ' ಮ್ಯಾಕ್ರೊ ಬಳಸುವ ಬಿಲ್ಲಿನ ಫೈಲನ್ನು ಬೇಕೆಂದೇ ಘಟಕದ ಫೈಲಿಗಿಂತ ಮೇಲಿಟ್ಟೂ ನೋಡಿದೆ. ಆಗಿನ ಲಕ್ಷಣ ಬೇರೆ: ಮ್ಯಾಕ್ರೊ ಇನ್ನೂ ಗೊತ್ತಿಲ್ಲದ ಕಂಪೈಲರ್ 'ಘಟಕ'ವನ್ನು ಸಾದಾ ಫಂಕ್ಷನ್ ಎಂದೇ ಹಿಡಿಯುತ್ತದೆ, ಕ್ವಿಂಟಲ್ ಎಂಬ ವೇರಿಯಬಲ್ ಇಲ್ಲ ಎಂದು ಎಚ್ಚರಿಸುತ್ತದೆ. ಮ್ಯಾಕ್ರೊಗೆ ಕೊಟ್ಟ ಹೆಸರು ವೇರಿಯಬಲ್ ಪಟ್ಟಿಯಲ್ಲಿ ಕಂಡರೆ ನಾನು ಮೊದಲು ನೋಡುವುದು ಫೈಲ್‌ಗಳ ಕ್ರಮವನ್ನೇ.

ಘಟಕಗಳ ಪಟ್ಟಿಯನ್ನು ಡಿಫ್‌ಕಾನ್‌ಸ್ಟಂಟ್‌ನಿಂದ (ಬದಲಾಗದ ಮೌಲ್ಯ) ಡಿಫ್‌ಪ್ಯಾರಾಮೀಟರ್‌ಗೆ (ಬದಲಿಸಬಹುದಾದ ವೇರಿಯಬಲ್) ಬದಲಿಸಿದೆ. ಡಿಫ್‌ಕಾನ್‌ಸ್ಟಂಟ್ ಇದ್ದಾಗ ಎಸ್‌ಬಿಸಿಎಲ್‌ನಲ್ಲಿ ಕಂಪೈಲ್ ಮಾಡಿ ಅಲ್ಲೇ ಲೋಡ್ ಮಾಡಿದರೆ ಪಟ್ಟಿ ಎರಡು ಸಲ ತಯಾರಾಗುತ್ತದೆ, ಎರಡೂ ಒಂದೇ ವಸ್ತು ಅಲ್ಲವೆಂದು ತಗಾದೆ.

ಈಗ ಪ್ರತಿ ಬದಲಾವಣೆಗೂ ಖಾಲಿ ಎಸ್‌ಬಿಸಿಎಲ್‌ನಲ್ಲೇ ಕಂಪೈಲ್ ನಡೆಸುವ ಸಣ್ಣ ಸ್ಕ್ರಿಪ್ಟ್ ಇದೆ. ಮುಂದಿನ ಕೆಲಸ ಖಾಲಿ ಚೀಲದ ತೂಕ ಕಳೆಯುವುದು. ಅದಕ್ಕೆ ಮ್ಯಾಕ್ರೊ ಬೇಡ, ಫಂಕ್ಷನ್ ಸಾಕು.