ಟೈಲ್ಸ್ ಒಡೆದಾಗ ಕಂಡ ಬಿಳಿ ಪೈಪು

ರಾಯಚೂರಿನಲ್ಲಿ ಬೇಸಿಗೆಗೆ ಗೀಸರ್ ಬೇಕಾಗೋದೇ ಇಲ್ಲ. ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೈ ಚುರ್ರ್ ಅನ್ನಿಸುತ್ತದೆ. ಹಾಗಾಗಿ ಮನೆ ಕಟ್ಟಿಸಿ ಎರಡು ವರ್ಷವಾದರೂ ನಾವು ಗೀಸರ್ ಹಾಕಿಸಿರಲಿಲ್ಲ. ಹೋದ ಡಿಸೆಂಬರಿನಲ್ಲಿ ಅತ್ತೆ ಬಂದರು, ಹಾಕಿಸಿದೆವು. ತಿಂಗಳು ತುಂಬುವುದರೊಳಗೆ ಬಾತ್‌ರೂಮಿನ ಆಚೆ ಬದಿ, ನಾವು ಮಲಗೋ ಕೋಣೆಯ ಗೋಡೆ ಹಸಿಯಾಯಿತು. ಮೊದಲು ಅಂಗೈಯಗಲ, ವಾರದಲ್ಲಿ ತಾಟಿನಗಲ. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು.

ಪ್ಲಂಬರ್ ಬಂದವನೇ ಗೋಡೆ ಒಡೆಯಲಿಲ್ಲ. ಗೀಸರಿಗೆ ನೀರು ಹೋಗುವ ಕಾಕ್ ಬಂದ್ ಮಾಡಿ, "ಎರಡು ದಿನ ನೋಡ್ರಿ ಅಕ್ಕಾರ" ಅಂದು ಹೋದ. ಹಸಿ ಮುಂದೆ ಹಬ್ಬಲಿಲ್ಲ. ಸೋರುತ್ತಿರುವುದು ಬಿಸಿನೀರಿನ ಲೈನೇ ಅಂತ ಗೊತ್ತಾಯಿತು.

ಮೂರನೇ ದಿನ ಟೈಲ್ಸ್ ಒಡೆದ. ಒಳಗೆ ಬಿಳಿ ಪೈಪು. ಮೂಲೆ ತಿರುಗೋ ಎಲ್ಬೋ ಹತ್ತಿರ ನುಗ್ಗೆಕಾಯಿ ಥರ ಸ್ವಲ್ಪ ಬಾಗಿ, ಜಾಯಿಂಟ್ ಬಿಟ್ಟಿತ್ತು.

"ಬಿಸಿನೀರಿಗೂ ಬಿಳೀದೇ ಹಾಕ್ಯಾರಲ್ರೀ! ನಮ್ಮೂರ ಬಿಸಿಲಿಗೇ ಇದಕ್ಕ ಕಷ್ಟ, ಗೀಸರ್ ನೀರು ತಡೀತದೇನ್ರಿ?"

ಚೀಲದಿಂದ ಇನ್ನೊಂದು ತುಂಡು ತೆಗೆದು ಪಕ್ಕದಲ್ಲಿಟ್ಟ. ಅದು ಕೆನೆ ಬಣ್ಣದ್ದು. ಬಿಳೀದು ಯುಪಿವಿಸಿ, ತಣ್ಣೀರಿಗೆ ಮಾತ್ರ. ಕೆನೆ ಬಣ್ಣದ್ದು ಸಿಪಿವಿಸಿ, 93 ಡಿಗ್ರಿವರೆಗೆ ತಡೆಯುತ್ತದೆ. ಆ ಕೆನೆ ಪೈಪಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಐಎಸ್ 15778 ಅಂತ, ಸಿಪಿವಿಸಿ ಪೈಪಿನ ಭಾರತೀಯ ಮಾನಕದ ಸಂಖ್ಯೆ ಅಚ್ಚಾಗಿತ್ತು. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತಿದವಳು ನಾನು. ಗೋಡೆ ಮುಚ್ಚುವ ಮುಂಚೆ ಈ ಅಕ್ಷರ ಓದಲು ಎರಡು ನಿಮಿಷ ಸಾಕಿತ್ತು. ಬಿಳೀದು ಹಾಕಿ ಕಟ್ಟಿದವರಿಗೆ ಉಳಿದದ್ದು ಬಹುಶಃ ಕೆಲವೇ ನೂರು ರೂಪಾಯಿ.

"ಹಂಗಾದ್ರೆ ಕಬ್ಬಿಣದ್ದೇ ಹಾಕಪ್ಪ, ಗಟ್ಟಿ ಇರತೈತಿ" ಅಂದರು ಅತ್ತೆ. ನಾನೇ ಬೇಡವೆಂದೆ. ಮಾನ್ವಿಯ ನಮ್ಮ ತವರುಮನೆಯಲ್ಲಿ ಇದ್ದದ್ದು ಜಿಐ ಪೈಪು, ಅಂದರೆ ಸತುವಿನ ಲೇಪದ ಕಬ್ಬಿಣದ್ದು. ಬೋರಿನ ಸವಳು ನೀರು. ಕೊನೆಗೆ ನಲ್ಲಿಯಲ್ಲಿ ನೂಲಿನಷ್ಟು ನೀರು ಬರತೊಡಗಿದಾಗ ಅಪ್ಪ ಒಂದು ತುಂಡು ಕೊಯ್ಯಿಸಿದ್ದರು. ಮುಕ್ಕಾಲಿಂಚಿನ ಪೈಪಿನೊಳಗೆ ತುಕ್ಕೂ ಉಪ್ಪೂ ಗಟ್ಟಿಯಾಗಿ, ಪೆನ್ಸಿಲ್ ತೂರುವಷ್ಟೇ ತೂತು ಉಳಿದಿತ್ತು. ಆ ತುಂಡು ಎಷ್ಟೋ ದಿನ ಕಿಟಕಿಯಲ್ಲೇ ಬಿದ್ದಿತ್ತು.

ಬಿಸಿನೀರಿನ ಲೈನ್ ಪೂರ್ತಿ ಬದಲಾಯಿತು. ಪೈಪಿಗೂ ಎಲ್ಬೋಗೂ ಸೊಲ್ಯೂಷನ್ ಸವರಿ, ಸ್ವಲ್ಪ ತಿರುಗಿಸಿ ಒತ್ತಿ, ಅಲ್ಲಾಡದಂತೆ ಹಿಡಿದುಕೊಂಡ. ಸುಮ್ನೆ ಅಂಟಿಸೋದಲ್ಲವಂತೆ ಅದು. ಪ್ಲಾಸ್ಟಿಕ್ಕೇ ಕರಗಿ ಎರಡೂ ಒಂದಾಗುತ್ತವೆ. "ಒಂದು ದಿನ ಬಿಸಿನೀರು ಬಿಡಬ್ಯಾಡ್ರಿ" ಅಂದ.

ಹೊರಗೆ ಗೋಡೆಗುಂಟ ಇಳಿದ ಬೂದು ಪೈಪುಗಳನ್ನೂ ಅವತ್ತೇ ಕೇಳಿಬಿಟ್ಟೆ. ನಾಲ್ಕಿಂಚಿನದು ಕಕ್ಕಸಿಂದು, ಮೂರಿಂಚಿನದು ಸ್ನಾನದ ನೀರಿಂದು. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ಬಾತ್‌ರೂಮ್ ಗಬ್ಬು ನಾರುತ್ತಲ್ವಾ, ಅದಕ್ಕೂ ಕಾರಣ ತಿಳಿಯಿತು. ಜಾಲರಿ ಕೆಳಗೆ ಟ್ರ್ಯಾಪ್ ಅನ್ನೋ ಬಾಗಿದ ಪೈಪಿನಲ್ಲಿ ನಿಂತ ನೀರೇ ವಾಸನೆ ತಡೆಯೋದು. ಅದು ಒಣಗಿದರೆ ಮುಗೀತು. ಒಂದು ಮಗ್ ನೀರು ಸುರಿದರೆ ಸಾಕು. ನಾನು ಇಷ್ಟು ದಿನ ಫಿನಾಯಿಲ್ ಸುರಿಯುತ್ತಿದ್ದೆ.

ಸಿಮೆಂಟ್ ಮೆತ್ತುವ ಮುಂಚೆ ಟೇಪ್ ಹಿಡಿದು, ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಫೋಟೊ ತೆಗೆದುಕೊಂಡೆ. ಟೈಲ್ಸ್ ಮಾತ್ರ ಅದೇ ಡಿಸೈನಿನದು ಸಿಗಲಿಲ್ಲ. ನೀಲಿ ಹೂವಿನ ಸಾಲಿನ ನಡುವೆ ನಾಲ್ಕು ಬರೀ ಬಿಳಿ ಕೂತಿವೆ.

"ಇವ್ಯಾಕವಾ ಬ್ಯಾರೆ ಅದಾವು?" ಅಂತ ಬಂದವರೆಲ್ಲ ಕೇಳುತ್ತಾರೆ. ನಾನು ಮೊಬೈಲ್ ತೆಗೆಯುತ್ತೇನೆ.